ಹಡಗಿನ ಹೆಣ್ಣಿಗೆ ಅಕ್ಕ ಉಡಿ ತುಂಬಿದ್ದು

ಭತ್ತದ ಕಂದು ಜಿಗಿಹುಳುವಿಗೆ ನಾನು ಬಹಳ ಋಣಿಯಾಗಿದ್ದೇನೆ. ಆ ವರ್ಷ ಅದು ಗಂಗಾವತಿ ಸೀಮೆಯ ಗದ್ದೆಗಳ ಮೇಲೆ ಅಷ್ಟು ಪ್ರೀತಿಯಿಂದ ಬಂದು ಕೂರದಿದ್ದರೆ ನನ್ನ ಅಂಗಡಿಯಲ್ಲಿ ಅಷ್ಟೊಂದು ಎಣ್ಣೆ ಮಾರಾಟವಾಗುತ್ತಿರಲಿಲ್ಲ, ನಾನು ಫ್ರಾನ್ಸ್ ದೇಶ ನೋಡುತ್ತಿರಲಿಲ್ಲ. ಎಣ್ಣೆ ಎಂದರೆ ಕೀಟನಾಶಕ. ವಿಷಕ್ಕೆ ನಮ್ಮ ಕಡೆಯ ರೈತರು ಇಟ್ಟ ಮೆತ್ತನೆಯ ಹೆಸರು ಅದು. ಅದನ್ನು ಮಾರುವವನಿಗೆ ಮಾತ್ರ ಅವರು ಅಂಥ ಮೆತ್ತನೆಯ ಹೆಸರೇನೂ ಇಟ್ಟಿಲ್ಲ.

ಹೇಳಿದಷ್ಟು ಎಣ್ಣೆ ಮಾರಿದ ಅಂಗಡಿಕಾರರಿಗೆ ಕಂಪನಿಯವರು ಹತ್ತು ದಿನದ ಯುರೋಪ್ ಪ್ರವಾಸ ಇಟ್ಟಿದ್ದರು. ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಬರಬಹುದಿತ್ತು. ಸುದ್ದಿ ಕೇಳಿದ ದಿನದಿಂದ ನನ್ನ ನಿದ್ದೆ ಹೋಯಿತು, ಸಂತೋಷದಿಂದಲ್ಲ. ವಿಮಾನ ಬಿದ್ದರೆ? ಬೀಳದಿದ್ದರೂ ಅಲ್ಲಿ ಇಳಿದ ಮೇಲೆ ಹೊಟ್ಟೆ ಕೆಟ್ಟರೆ? ಪಾಸ್‌ಪೋರ್ಟ್ ಕಳೆದರೆ? ಕಳೆಯದಿದ್ದರೂ ಅದರೊಳಗಿನ ಫೋಟೊ ನೋಡಿ, ಇವನು ಅವನಲ್ಲ ಎಂದು ಅಲ್ಲಿಯ ಪೊಲೀಸರು ಹೇಳಿದರೆ? ಆ ಫೋಟೊ ನೋಡಿದಾಗೆಲ್ಲ ನನಗೂ ಅದೇ ಅನುಮಾನ ಬರುತ್ತಿತ್ತು.

ನನ್ನ ಹೆಂಡತಿ ನನಗಿಂತ ಮುಂದಾಲೋಚನೆಯವಳು.

“ಇಬ್ಬರೂ ಕೂಡಿ ಒಂದ ವಿಮಾನದಾಗ ಹೋಗೂದು ಬ್ಯಾಡ್ರಿ,” ಎಂದಳು. “ಏನರ ಆದ್ರ ಮಕ್ಕಳಿಗೆ ಒಬ್ಬರರ ಇರಬೇಕಲ್ಲ. ನೀವು ಅಕ್ಕಾರನ್ನ ಕರಕೊಂಡು ಹೋಗ್ರಿ.”

ವಿಮಾನ ಬಿದ್ದು ಅಕ್ಕ ಹೋದರೆ ಪರವಾಗಿಲ್ಲ ಎಂಬುದು ಆ ಮಾತಿನ ಅರ್ಥವೆಂದು ನನಗೂ ಹೊಳೆಯಲಿಲ್ಲ, ಹೇಳಿದವಳಿಗೂ ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು.

“ಹೂಂ, ನಾ ಹೊಕ್ಕೀನಿ,” ಎಂದು ನಕ್ಕಳು. “ನಾ ಸತ್ರ ಯಾವ ಸಾಲಿಗೂ ಸೂಟಿ ಕೊಡೂದಿಲ್ಲ.”

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾವು ಹುಟ್ಟಿ ಬೆಳೆದದ್ದು ತಾವರಗೇರಾದಲ್ಲಿ. ಅಲ್ಲಿ ನೀರು ಎಂದರೆ ಕೊಡದಲ್ಲಿ ಇರುವ ವಸ್ತು. ಅವಳನ್ನು ನವಲಿ ಊರಿಗೆ ಕೊಟ್ಟಿದ್ದರು. 1997ರಲ್ಲಿ ಭಾವ ತೀರಿಕೊಂಡರು, ಮಕ್ಕಳಿರಲಿಲ್ಲ. ಅವಳು ಒಂದು ಟ್ರಂಕು ಹಿಡಿದು ಗಂಗಾವತಿಗೆ, ನಮ್ಮ ಮನೆಗೆ ಬಂದಳು. ಆಗ ನನ್ನ ಮಗಳಿಗೆ ಆರು ವರ್ಷ. ಅಲ್ಲಿಂದ ಮುಂದೆ ಅವಳ ಜಡೆ, ಜ್ವರ, ಮಗ್ಗಿ, ಹಟ ಎಲ್ಲವನ್ನೂ ಅಕ್ಕನೇ ನೋಡಿಕೊಂಡಳು. ನಾವು ಗಂಡ ಹೆಂಡತಿ ಅಂಗಡಿ ನೋಡಿಕೊಂಡೆವು. ಆ ಮಗಳು ದೊಡ್ಡವಳಾಗಿ, ಯಲಬುರ್ಗಾಕ್ಕೆ ಮದುವೆಯಾಗಿ ಹೋಗಿ, ನಾವು ಯುರೋಪಿಗೆ ಹೊರಡುವ ಹೊತ್ತಿಗೆ ಮೊದಲ ಬಸುರಿ. ನಾವು ತಿರುಗಿ ಬಂದ ಮುಂದಿನ ವಾರವೇ ನಮ್ಮ ಮನೆಯಲ್ಲಿ ಅವಳ ಕುಬಸ ಇಟ್ಟುಕೊಂಡಿದ್ದೆವು.

ಕುಬಸ ಎಂದರೆ ಮೈಸೂರು ಕಡೆಯವರ ಸೀಮಂತ. ಬಸುರಿಯನ್ನು ಕೂರಿಸಿ, ಹಸಿರು ಬಳೆ ತೊಡಿಸಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಕುಬಸದ ಕಣ ಅಂದರೆ ರವಿಕೆ ಬಟ್ಟೆ ಹಾಕುತ್ತಾರೆ. ಅದೇ ಉಡಿ ತುಂಬುವುದು. ತುಂಬುವವರು ಮುತ್ತೈದೆಯರೇ ಆಗಬೇಕು. ಗಂಡ ಇಲ್ಲದವಳ ಕೈ ತಾಗಿದರೆ ಒಳಗಿನ ಕೂಸಿಗೆ ಏನೋ ಆಗುತ್ತದೆ ಎಂದು ನಂಬಿಕೆ. ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನಂಥ ಚಿಂತೆಯ ಮನುಷ್ಯನಿಗೆ ಅಷ್ಟು ಸಾಕು, ಉಳಿದದ್ದನ್ನು ನಾನೇ ತುಂಬಿಕೊಳ್ಳುತ್ತೇನೆ. ಹದಿನಾರು ವರ್ಷ ಊರಿನ ಎಲ್ಲ ಕುಬಸಗಳಲ್ಲೂ ಅಕ್ಕ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸಿದಳು. ಆ ಹೋಳಿಗೆಯಿಂದ ಯಾವ ಕೂಸಿಗೂ ಏನೂ ಆದದ್ದಿಲ್ಲ.

ಹೊರಡುವ ಮೊದಲು ನನಗೆ ಎರಡು ಫೋನು ಬಂದವು. ಮೊದಲನೆಯದು ಮಗಳದು.

“ಅಪ್ಪಾ, ಕುಬಸದಾಗ ಮೊದಲನೇ ಉಡಿ ಅತ್ತಿನ ತುಂಬಬೇಕು. ಬ್ಯಾರೆ ಯಾರೂ ಅಲ್ಲ.”

ಅತ್ತೆ ಎಂದರೆ ಅಕ್ಕ. ನಾನು “ಆತವ್ವಾ” ಎಂದೆ.

ಎರಡನೆಯದು ಬೀಗಿತ್ತಿಯದು, ಅಂದರೆ ಅಳಿಯನ ತಾಯಿಯದು. “ಅಣ್ಣಾರ, ತಪ್ಪ ತಿಳಕೋಬ್ಯಾಡ್ರಿ. ಚೊಚ್ಚಲ ಬಸರು. ನಿಮ್ಮ ಅಕ್ಕಾರು ಅಡಗೀದು ಭಾಳ ಛಲೋ ನೋಡ್ಕೋತಾರ. ಅವರು ಅಡಗಿ ಮನ್ಯಾಗ ಇದ್ರನ ಚಂದ ಅನಸ್ತೈತ್ರಿ.”

ನಾನು “ಆತ್ರಿ” ಎಂದೆ.

ಒಂದೇ ವಿಷಯಕ್ಕೆ ಎರಡು ಕಡೆಗೂ ಹೂಂ ಅಂದವನಿಗೆ ಉಳಿದದ್ದು ಒಂದೇ ದಾರಿ. ಅಕ್ಕ ತಾನಾಗಿಯೇ ಹಿಂದೆ ಸರಿಯಬೇಕು. ಅದಕ್ಕೆ ನಾನೇ ಅವಳಿಗೆ ಹೇಳಬೇಕು. ಗಂಗಾವತಿಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಹತ್ತು ದಿನ ಪರದೇಶ ತೋರಿಸುತ್ತೇನೆ, ಎಲ್ಲಾದರೂ ಒಳ್ಳೆ ಜಾಗದಲ್ಲಿ ಅವಳ ಮನಸ್ಸು ಅರಳಿದಾಗ ಮೆಲ್ಲಗೆ ಹೇಳಿಬಿಡುತ್ತೇನೆ ಎಂದುಕೊಂಡೆ. ತಹಶೀಲ್ದಾರ ಕಚೇರಿಯಲ್ಲಿ ಕೆಲಸ ಆಗಬೇಕಾದರೆ ಒಂದು ಡಬ್ಬಿ ಸಿಹಿ ಒಯ್ಯುತ್ತಾರಲ್ಲ, ಹಾಗೆ ನಾನು ಅಕ್ಕನಿಗೆ ಯುರೋಪ್ ಖಂಡ ಒಯ್ದೆ.

ಪ್ಯಾರಿಸ್ಸಿನ ಗೋಪುರದ ಮೇಲೆ ಹೇಳಬೇಕೆಂದಿದ್ದೆ. ಅಲ್ಲಿ ನನಗೇ ತಲೆ ತಿರುಗಿತು, ಅಕ್ಕ ನನ್ನ ರಟ್ಟೆ ಹಿಡಿದು ಕೆಳಗಿಳಿಸಿದಳು. ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಹೇಳಬೇಕೆಂದಿದ್ದೆ. ಅಲ್ಲಿ ಬಾಯಿ ಮರಗಟ್ಟಿ ಮಾತೇ ಹೊರಡಲಿಲ್ಲ. ಹೀಗೆ ಎಂಟನೆಯ ದಿನ ಮಾರ್ಸೇಲ್ ಎಂಬ ಊರಿಗೆ ಬಂದೆವು. ಸಮುದ್ರದ ಊರು. ಇಲ್ಲಿ ಹೇಳದಿದ್ದರೆ ಉಳಿಯುವುದು ವಿಮಾನವೊಂದೇ. ವಿಮಾನದಲ್ಲಿ ನಾನು ಯಾರೊಂದಿಗೂ ಮಾತಾಡುವುದಿಲ್ಲ, ರೆಕ್ಕೆ ನೋಡುತ್ತ ಕೂರುತ್ತೇನೆ.

ಆ ದಿನ ಬೆಳಗ್ಗೆ ದೋಣಿಯಲ್ಲಿ ಒಂದು ದ್ವೀಪಕ್ಕೆ ಒಯ್ಯುವುದೆಂದು ಕಾರ್ಯಕ್ರಮವಿತ್ತು. ಅದನ್ನು ಓದಿದಾಗಿನಿಂದ ಈಜು ಬರದ ನಾನು ಹೊಟ್ಟೆನೋವಿನ ತಯಾರಿ ಮಾಡಿಕೊಂಡಿದ್ದೆ. ನೀರಿನ ಮೇಲೆ ನನ್ನ ಅನುಭವವೆಂದರೆ ಸಣ್ಣವನಿದ್ದಾಗ ಒಮ್ಮೆ ಹೊಳೆಯ ನಡುವಿನ ವಿರೂಪಾಪುರಗಡ್ಡೆಗೆ ಹರಿಗೋಲಿನಲ್ಲಿ ಹೋದದ್ದು. ಆಗಲೂ ಕಣ್ಣು ಮುಚ್ಚಿಕೊಂಡಿದ್ದೆ. ಅಕ್ಕ ಮಾತ್ರ ಆ ದಿನ ಎಲ್ಲರಿಗಿಂತ ಮೊದಲು ಎದ್ದು, ಇಳಕಲ್ಲ ಸೀರೆ ಉಟ್ಟು, ಕೈಚೀಲ ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಕೂತಿದ್ದಳು. ದಂಡೆಗೆ ಬಂದರೆ ಗಾಳಿಯೋ ಗಾಳಿ. ನಿಂತವರು ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೋಣಿಗಳೆಲ್ಲ ಹಗ್ಗ ಕಟ್ಟಿಸಿಕೊಂಡು ತಲೆ ಕುಣಿಸುತ್ತಿದ್ದವು, ದಂಡೆಗೆ ಅಡ್ಡ ಬೇಲಿ ಎಳೆದಿದ್ದರು.

ನಮ್ಮ ಪ್ರವಾಸದ ಮ್ಯಾನೇಜರ್ ಹುಬ್ಬಳ್ಳಿಯವನು. ವರ್ಷಕ್ಕೆ ಹತ್ತು ಸಲ ಇಂಥ ಹಿಂಡು ಕಾಯ್ದು ಕಾಯ್ದು ಅವನಿಗೆ ಫ್ರೆಂಚ್ ಭಾಷೆಯೂ ಒಂದಿಷ್ಟು ಬಂದಿತ್ತು, ತಲೆಕೂದಲೂ ಉದುರಿತ್ತು. ಅವನು ಕೈಯೆತ್ತಿ ಸಾರಿದ:

“ಕೇಳ್ರಿ ಇಲ್ಲೆ. ಇವತ್ತು ಸಮುದ್ರ ಬಂದ್ ಐತಿ. ಹಡಗಿನ ಮ್ಯೂಸಿಯಂ ನೋಡೂಣು, ಒಳಗ ಗಾಳಿ ಇಲ್ಲ.”

ನನ್ನ ಹೊಟ್ಟೆನೋವು ಕೂಡಲೇ ಕಡಿಮೆಯಾಯಿತು. ಅಕ್ಕ ಬೇಲಿಯ ಹತ್ತಿರ ನಿಂತೇ ಇದ್ದಳು.

“ಇಷ್ಟ ದೂರ ಬಂದು ಮುಟ್ಟಾಕೂ ಬಿಡೂದಿಲ್ಲೇನು ಇವರು?”

“ಅಲೆ ದೊಡ್ಡವು ಅದಾವಕ್ಕಾ. ಎಳಕೊಂಡು ಹೋಗ್ತಾವ.”

“ನೀ ಅಂತೂ ಎಳಕೊಂಡು ಹೋಗೂದಿಲ್ಲ,” ಎಂದು ಅವಳು ಬಸ್ಸಿನ ಕಡೆ ನಡೆದಳು.

ಮ್ಯೂಸಿಯಮ್ಮಿನ ಹೆಸರು ಮರೆತಿದ್ದೇನೆ, ಓದಲಿಕ್ಕೂ ಬರುತ್ತಿರಲಿಲ್ಲ. ಎತ್ತರದ ಹಜಾರ, ಮಂದ ಬೆಳಕು, ಗಾಜಿನ ಪೆಟ್ಟಿಗೆಗಳಲ್ಲಿ ಮೊಳದುದ್ದದ ಹಡಗುಗಳು. ಹಗ್ಗ, ಪಟ, ತೋಪು ಎಲ್ಲ ಇದ್ದ ಹಾಗೆಯೇ ಮಾಡಿ ಇಟ್ಟಿದ್ದರು. ನಮ್ಮ ಜೊತೆ ಸಿಂಧನೂರು, ಕಾರಟಗಿ, ಮಾನ್ವಿ ಕಡೆಯ ಅಂಗಡಿಕಾರರು ಇದ್ದರು. ಅವರು ಪ್ರತಿ ಹಡಗಿನ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳಿದರು, ಇದು ಎಷ್ಟು ಚೀಲ ಹಿಡಿಯುತ್ತದೆ ಎಂದು. ಐಫೆಲ್ ಗೋಪುರದಲ್ಲೂ ಕೇಳಿದ್ದರು. ಮ್ಯಾನೇಜರ್ ಟನ್ನಿನಲ್ಲಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ, ಸೋನಾ ಮಸೂರಿ ಲೆಕ್ಕದಲ್ಲೇ ಹೇಳಬೇಕು.

ನಾನು ನೋಡಿದ್ದು ಬೇರೆ. ಪ್ರತಿ ಹಡಗಿನ ಪಕ್ಕದ ಫಲಕದಲ್ಲಿ ಅದು ಕೊನೆಗೆ ಏನಾಯಿತು ಎಂದು ಬರೆದಿತ್ತು. ಮ್ಯಾನೇಜರನಿಂದ ಓದಿಸಿಕೊಂಡೆ. ಒಂದು ಬಂಡೆಗೆ ಬಡಿದು ಒಡೆದಿತ್ತು. ಒಂದಕ್ಕೆ ಬೆಂಕಿ ಬಿದ್ದಿತ್ತು. ಮೂರನೆಯದರಲ್ಲಿ ರೋಗ ಹೊಕ್ಕಿತ್ತು. ನಾಲ್ಕನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟು ವರ್ಷ ನನ್ನ ಚಿಂತೆಯನ್ನು ನೋಡಿ ನಕ್ಕವರನ್ನೆಲ್ಲ ಅಲ್ಲಿ ತಂದು ನಿಲ್ಲಿಸಬೇಕು ಅನಿಸಿತು. ಒಂದು ಗೋಡೆಯ ಮೇಲೆ ನಮ್ಮ ದೇಶಕ್ಕೆ ಮೆಣಸು, ಬಟ್ಟೆ ಕೊಳ್ಳಲು ಬರುತ್ತಿದ್ದ ಹಡಗುಗಳ ನಕ್ಷೆ ಇತ್ತು. ಪಾಪ, ಅವರಿಗೂ ಒಂದು ಕಂಪನಿ, ಅವರಿಗೂ ಇಂತಿಷ್ಟು ಮಾಲು ಎಂದು ಗುರಿ. ನಮಗೆ ಗುರಿ ಮುಟ್ಟಿದ ಮೇಲೆ ಪ್ರವಾಸ ಕೊಟ್ಟರು, ಅವರಿಗೆ ಪ್ರವಾಸ ಮುಗಿದ ಮೇಲೆ ಗುರಿ. ವ್ಯಾಪಾರದಲ್ಲಿ ನಾವು ಅವರಿಗಿಂತ ಹಿಂದೆ ಇಲ್ಲ ಎಂದು ಅಲ್ಪಸ್ವಲ್ಪ ಹೆಮ್ಮೆಯೂ ಆಯಿತು.

ತಿರುಗಿ ನೋಡಿದರೆ ಅಕ್ಕ ಇರಲಿಲ್ಲ. ಎರಡು ಹಜಾರ ದಾಟಿ ಓಡಿದೆ. ಮೂಲೆಯ ಒಂದು ಸಣ್ಣ ಕೋಣೆಯಲ್ಲಿ ಅವಳು ಒಬ್ಬಳೇ, ಒಂದು ಮರದ ಹೆಣ್ಣಿನ ಎದುರು ನಿಂತಿದ್ದಳು.

ಆಳೆತ್ತರದ ಗೊಂಬೆ. ಹಳೆಯ ಹಡಗುಗಳ ಮೂತಿಗೆ ಇಂಥ ಹೆಣ್ಣನ್ನು ಕೆತ್ತಿ ಕೂರಿಸುತ್ತಿದ್ದರಂತೆ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಮೂಗಿನ ತುದಿ ಸವೆದಿತ್ತು. ಎದೆ ಮುಂದೆ ಮಾಡಿ, ದೂರ ನೋಡುತ್ತ, ಎರಡೂ ಕೈಯಲ್ಲಿ ಉಟ್ಟ ಬಟ್ಟೆಯ ಮಡಿಕೆಗಳನ್ನು ಸೊಂಟದ ಹತ್ತಿರ ಎತ್ತಿ ಹಿಡಿದು ನಿಂತಿದ್ದಳು. ಆ ಮಡಿಕೆಗಳ ನಡುವೆ ಒಂದು ಸಣ್ಣ ಬುಟ್ಟಿಯಷ್ಟು ತಗ್ಗು. ಮುಂದೆ ಒಂದು ಹಗ್ಗ ಕಟ್ಟಿದ್ದರು. ನನ್ನ ಹಿಂದೆಯೇ ಬಂದ ಮ್ಯಾನೇಜರ್ ಫಲಕ ಓದಿ ಹೇಳಿದ.

“ಹಡಗಿಗೆ ಕೆಟ್ಟದ್ದಾಗಬಾರದಂತ ಈಕಿನ್ನ ಮುಂದ ಹಚ್ಚತಿದ್ರಂತ. ಆ ಹಡಗು ಒಡದ ಹೋಗೇತಿ, ಈಕಿ ಉಳದಾಳ. ಇನ್ನೊಂದು ಮಜಾ ಕೇಳ್ರಿ ಅಕ್ಕಾರ. ಖರೇ ಹೆಣಮಕ್ಕಳು ಹಡಗ ಹತ್ತಿದ್ರ ಅಪಶಕುನ ಅಂತ ಹತ್ತಗೊಡತಿರಲಿಲ್ಲಂತ ಆ ಮಂದಿ.”

ಅಕ್ಕ ಗೊಂಬೆಯನ್ನೇ ನೋಡುತ್ತಿದ್ದಳು. “ಕಟ್ಟಿಗೀದಾದ್ರ ನಡೀತೈತಿ ಅನ್ನು. ಎಲ್ಲಾ ಕಡೆ ಅದಾರ ಬಿಡಪಾ ಇಂಥಾ ಮಂದಿ.”

ಅವನು ನಕ್ಕು ಚೀಲದ ಲೆಕ್ಕ ಕೇಳುವವರ ಕಡೆಗೆ ಹೋದ. ಅಕ್ಕ ನನ್ನ ಕಡೆ ತಿರುಗಿದಳು.

“ನೋಡು, ಉಡಿ ಒಡ್ಡಿ ನಿಂತಾಳ.”

“ಉಡಿ ಅಲ್ಲಕ್ಕಾ. ಗಾಳಿಗೆ ಅರಿವಿ ಹಾರಬಾರದಂತ ಹಿಡಕೊಂಡಾಳ.”

“ಗಾಳಿಗೆ ಹಿಡಕೊಳ್ಳಾಕಿ ಹಿಂಗ ಹಿಡಕೊಳ್ಳೂದಿಲ್ಲ. ನೀ ಯಾವಾಗ ಸೀರಿ ಉಟ್ಟೀದಿ?”

ಅವಳು ಕೈಚೀಲದ ಬಾಯಿ ಬಿಚ್ಚಿದಳು. ಒಂದು ಹಸಿರು ಕುಬಸದ ಕಣ, ಅದರೊಳಗೆ ಗಂಟು. ಗಂಟಿನಲ್ಲಿ ಅಕ್ಕಿ, ಐದು ಉತ್ತತ್ತಿ, ಐದು ಅಡಿಕೆ, ಅರಿಷಿಣ ಬೇರು, ಎರಡು ಕೊಬ್ಬರಿ ಬಟ್ಟಲು. ಮೂರು ದೇಶದ ಗಡಿಯಲ್ಲಿ ನನ್ನ ಬ್ಯಾಗು ತೆಗೆಸಿ ಶೇಂಗಾ ಚಟ್ನಿಯನ್ನು ಮೂಸಿ ನೋಡಿದ ಅಧಿಕಾರಿಗಳು ಇದನ್ನು ಹೇಗೆ ಬಿಟ್ಟರೋ.

“ಇದನ್ಯಾಕ ತಂದೀದಿ?”

“ಸಮುದ್ರಕ್ಕ. ಅಕಿನೂ ಗಂಗವ್ವನ ಅಲ್ಲೇನು. ಊರಾಗಂತೂ ಹೊಳೀಗೆ ಬಾಗಿನ ಕೊಡಾಕ ನನ್ನ ಯಾರೂ ಕರಿಯೂದಿಲ್ಲ. ಇಲ್ಲಿ ನೋಡಾವ್ರು ಯಾರದಾರ ಅಂದ್ಕೊಂಡಿದ್ದೆ.” ಗಂಟು ಬಿಚ್ಚುತ್ತಲೇ ಮುಂದುವರಿಸಿದಳು. “ಬೀಗಿತ್ತಿ ಫೋನ್ ಮಾಡಿದ್ದು ನನಗ ಗೊತ್ತೈತಿ. ನೀ ಅಂಗಳದಾಗ ನಿಂತು ಆತ್ರಿ ಆತ್ರಿ ಅಂದದ್ದು ಪಡಸಾಲಿಗೆ ಕೇಳಸ್ತಿತ್ತು. ಇವತ್ತ ಹೇಳ್ತಾನ, ನಾಳೆ ಹೇಳ್ತಾನ ಅಂತ ಎಂಟ ದಿನದಿಂದ ದಾರಿ ನೋಡಾಕತ್ತೀನಿ. ಹಿಮದಾಗ ಬಾಯಿ ತೆರದಿ, ನಾಕ ಸಲ. ಉಸರ ಬಿಡಾಕತ್ತೀಯೇನೋ ಅಂದ್ಕೊಂಡೆ.”

ಎಂಟು ದಿನದಿಂದ ನಾನು ಬಚ್ಚಿಟ್ಟುಕೊಂಡು ತಿರುಗಿದ ಮಾತು ಅವಳಿಗೆ ಗಂಗಾವತಿಯಲ್ಲೇ ಗೊತ್ತಿತ್ತು. ಅಂದರೆ ನನ್ನ ಲಂಚವನ್ನು ಅವಳು ಲಂಚವೆಂದು ತಿಳಿದೇ ತೆಗೆದುಕೊಂಡಿದ್ದಳು. ನಾನು ಅತ್ತ ಇತ್ತ ನೋಡಿದೆ. ಮೂಲೆಯಲ್ಲಿ ಕ್ಯಾಮೆರಾ ಇತ್ತು. ಮುಟ್ಟಬೇಡಿ ಎಂದು ಕೈಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಫಲಕ ಇತ್ತು. ಅಂಥ ಫಲಕ ನಮ್ಮ ಮನೆಯಲ್ಲಿ ಇರಲಿಲ್ಲ ಅಷ್ಟೆ. ಅದರ ಕೆಲಸವನ್ನು ನಾನು ಮಾಡುತ್ತಿದ್ದೆ.

“ಬ್ಯಾಡ ಅಂತೀದಿಯೇನು?” ಅಕ್ಕ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅನ್ನೂದಿದ್ರ ಅಂದಬಿಡು. ಇಲ್ಲೀದು, ಅಲ್ಲೀದು ಎರಡೂ ಕೂಡೇ ಒಮ್ಮೆ ಮುಗೀತೈತಿ.”

ಜೀವನದಲ್ಲಿ ದೊಡ್ಡ ನಿರ್ಧಾರದ ಗಳಿಗೆಗಳಲ್ಲಿ ಜನ ಏನೇನೋ ಹೇಳುತ್ತಾರೆ. ನಾನು ಹೇಳಿದ್ದು, “ಲಗೂನ ಮುಗಸು.” ಹೇಳಿ ಬೆನ್ನು ತಿರುಗಿಸಿ, ಕ್ಯಾಮೆರಾಕ್ಕೆ ಅಡ್ಡವಾಗಲೆಂದು ಕೈ ಎರಡೂ ಅಗಲಿಸಿ ನಿಂತೆ. ಕ್ಯಾಮೆರಾ ಸೂರಿನಲ್ಲಿತ್ತು. ನನ್ನ ಎತ್ತರ ಐದೂಕಾಲು ಅಡಿ.

ಆದರೂ ಓರೆಗಣ್ಣಿನಿಂದ ನೋಡಿದೆ. ಅಕ್ಕ ಚಪ್ಪಲಿ ಬಿಟ್ಟು, ಹಗ್ಗದ ಕೆಳಗೆ ಬಗ್ಗಿ ಹೋಗಿ, ತಲೆಯ ಮೇಲೆ ಸೆರಗು ಹೊದ್ದಳು. ಕಣವನ್ನು ಆ ತಗ್ಗಿನಲ್ಲಿ ಹಾಸಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಬೇರು ಇಟ್ಟಳು. ಆಮೇಲೆ ಅಕ್ಕಿ, ಒಂದೊಂದೇ ಬೊಗಸೆ. ಕುಂಕುಮ ಹಚ್ಚಲಿಲ್ಲ. ಮರಕ್ಕೆ ಕಲೆಯಾದೀತೆಂದಲ್ಲ, ಅದಕ್ಕೆ ಅವಳ ಕೈ ಹೋಗಲಿಲ್ಲ. ಬಾಯಲ್ಲಿ ಏನೋ ಅನ್ನುತ್ತಿದ್ದಳು. ಹದಿನಾರು ವರ್ಷದಲ್ಲಿ ಕೈ ಮರೆತಿರಬಹುದು ಎಂದುಕೊಂಡಿದ್ದೆ. ಮರೆತಿರಲಿಲ್ಲ. ನಾಲ್ಕನೆಯ ಬೊಗಸೆಗೆ ಗೋಡೆಯೊಳಗೆ ಏನೋ ಕೀಂ ಕೀಂ ಎನ್ನತೊಡಗಿತು. ಅವಳು ಐದನೆಯದನ್ನೂ ಹಾಕಿಯೇ ಹೊರಗೆ ಬಂದಳು.

ಕಾವಲಿನ ಹೆಂಗಸು ಓಡಿ ಬಂದಳು. ಅಕ್ಕನಷ್ಟೇ ವಯಸ್ಸು, ನೀಲಿ ಕೋಟು. ಅವಳು ಗೊಂಬೆಯನ್ನು, ಅಕ್ಕಿಯನ್ನು, ಕೈ ಅಗಲಿಸಿ ನಿಂತೇ ಇದ್ದ ನನ್ನನ್ನು ನೋಡಿದಳು. ಸದ್ದು ಕೇಳಿ ಮ್ಯಾನೇಜರನೂ ಬಂದ. ಅವನ ಮುಖ ನೋಡಿ ನನಗೆ ನನ್ನ ಸ್ಥಿತಿ ಅರ್ಥವಾಯಿತು.

“ಏನ ಮಾಡಿದ್ರಿ ಸಾಹೇಬ್ರ ಇದು,” ಎಂದ. ಹೆಂಗಸು ಅವನಿಗೆ ಏನೋ ಹೇಳಿದಳು. “ಯಾರು ಮಾಡ್ಯಾರ ಅಂತ ಕೇಳಾಕತ್ತಾರ.”

ನಾನು ಮನಸ್ಸಿನಲ್ಲಿ ಆಗಲೇ ಫ್ರಾನ್ಸಿನ ಜೈಲು ಸೇರಿ, ಅಲ್ಲಿ ಊಟಕ್ಕೆ ಏನು ಕೊಡುತ್ತಾರೋ ಎಂದು ಚಿಂತಿಸುತ್ತಿದ್ದೆ. ಆದರೆ ಬಾಯಿ ಬೇರೆಯೇ ಅಂದಿತು. “ನಾನು,” ಎಂದೆ. ಎದೆ ಮುಟ್ಟಿಕೊಂಡು ತೋರಿಸಿದೆ ಕೂಡ.

ಅಕ್ಕ ನನ್ನ ಕೈಯನ್ನು ಎದೆಯಿಂದ ಕಿತ್ತು ಕೆಳಗೆ ಹಾಕಿದಳು.

“ಅಂವ ಅಲ್ಲ. ಅವಗ ಉಡಿ ಅಂದ್ರ ಏನಂತ ಗೊತ್ತೈತಿ? ನಾ ತುಂಬೀನಿ. ನಾನ. ಹೇಳಪಾ ಅವರಿಗೆ.”

ಮ್ಯಾನೇಜರ್ ಹೇಳಿದ. ಹೆಂಗಸು ಅಕ್ಕನ ಮುಖ ನೋಡಿ, ದನಿ ಇಳಿಸಿ, ಅದನ್ನು ತೆಗೆಯಿರಿ ಎಂದು ಸನ್ನೆ ಮಾಡಿದಳು.

“ತುಂಬಿದ ಉಡಿ ತುಂಬಿದಾಕಿನ ತಗದರ ಹೆಂಗ?” ಅಕ್ಕ ಸೆರಗು ಬಿಗಿ ಮಾಡಿಕೊಂಡಳು. “ಕೊಟ್ಟದ್ದು ಕಸಗೊಂಡಂಗ ಆಗತೈತಿ. ನಾ ತಗಿಯೂದಿಲ್ಲ.”

“ಅಕ್ಕಾರ, ನಾ ಇನ್ನ ಈ ಊರಿಗೆ ಭಾಳ ಸಲ ಬರಬೇಕ್ರಿ,” ಮ್ಯಾನೇಜರ್ ಕೈ ಮುಗಿದ.

“ಬಾ. ನಾ ಬ್ಯಾಡ ಅಂದೇನೇನು?”

ಕೊನೆಗೆ ಒಳಗಿನಿಂದ ಕನ್ನಡಕದ ಒಬ್ಬ ಅಧಿಕಾರಿ ಬಂದರು. ಬಿಳಿ ಕೈಗವಸು ಹಾಕಿಕೊಂಡು, ಸಣ್ಣ ಕುಂಚ ತೆಗೆದು, ಅಕ್ಕಿಯನ್ನು ಕಾಳು ಕಾಳಾಗಿ ಒಂದು ಪ್ಲಾಸ್ಟಿಕ್ ಲಕೋಟೆಗೆ ಗುಡಿಸತೊಡಗಿದರು. ನಮ್ಮ ಅಕ್ಕಿಗೆ ಇಷ್ಟು ಮರ್ಯಾದೆ ನಮ್ಮ ಎಪಿಎಂಸಿಯಲ್ಲಿ ಎಂದೂ ಸಿಕ್ಕಿಲ್ಲ. ಮರಕ್ಕೆ ಪೆಟ್ಟಾಗಿಲ್ಲ, ಆದರೆ ಕಾಳಿನಲ್ಲಿ ಹುಳವಿದ್ದರೆ ಮರಕ್ಕೆ ಹತ್ತೀತು ಎಂಬುದು ಅವರ ಹೆದರಿಕೆ ಎಂದು ಮ್ಯಾನೇಜರ್ ಹೇಳಿದ. ಇಡೀ ಪ್ರವಾಸದಲ್ಲಿ ನನಗೆ ಗೊತ್ತಿರುವ ವಿಷಯವೊಂದು ಆಗ ಬಂತು. ಅಕ್ಕಿಯ ಹುಳ ಬೇರೆ, ಮರ ತಿನ್ನುವ ಹುಳ ಬೇರೆ ಎಂದು ನಾನು ಎಳೆಎಳೆಯಾಗಿ ವಿವರಿಸಿದೆ. ಯಾವ ಎಣ್ಣೆ ಹೊಡೆದರೆ ಯಾವುದು ಸಾಯುತ್ತದೆ ಎಂದೂ ಹೇಳಿದೆ. ಅಧಿಕಾರಿ ಮರ್ಯಾದೆಯಿಂದ ಕೇಳಿಸಿಕೊಂಡು, ತಾವು ಎಣ್ಣೆ ಹೊಡೆಯುವುದಿಲ್ಲ, ಇಂಥವನ್ನು ಕೆಲವು ದಿನ ಮಂಜುಗಡ್ಡೆಯ ಥಂಡಿಯಲ್ಲಿ ಇಡುತ್ತೇವೆ, ಹುಳ ತಾನೇ ಸಾಯುತ್ತದೆ ಎಂದರು. ಈ ಸುದ್ದಿ ಗಂಗಾವತಿಯ ರೈತರಿಗೆ ತಲುಪದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಎಲ್ಲಿ ಒಯ್ತಾರಂತ ಅದನ್ನ?” ಅಕ್ಕ ಕೇಳಿದಳು.

“ಫ್ರಿಜ್ಜಿನ್ಯಾಗ ಇಡ್ತಾರಂತ.”

“ಕೆಡಬಾರದಂತ?”

ನಾನು ಸ್ವಲ್ಪ ತ್ರಾಸು ಪಟ್ಟು “ಹೂಂ” ಎಂದೆ.

“ಛಲೋ ಮಂದಿ,” ಎಂದಳು ಅಕ್ಕ.

ಅಧಿಕಾರಿ ಒಂದು ಪುಸ್ತಕ ತಂದು ನಡೆದದ್ದನ್ನು ಬರೆದುಕೊಂಡರು. ಇದು ಏನು, ಯಾಕೆ ಮಾಡುತ್ತಾರೆ ಎಂದು ಕೇಳಿದರು. ಅಕ್ಕ ಕನ್ನಡದಲ್ಲಿ ಹೇಳಿದಳು, ಮ್ಯಾನೇಜರ್ ಅದನ್ನು ಎಷ್ಟು ಫ್ರೆಂಚ್ ಮಾಡಿದನೋ ದೇವರೇ ಬಲ್ಲ. ಕೊನೆಗೆ ಅಕ್ಕನ ಹೆಸರು ಕೇಳಿ ಬರೆದು, ಸಹಿ ಮಾಡಿಸಿದರು. ಅವಳು ಕನ್ನಡದಲ್ಲಿ, ಅಕ್ಷರ ಬಿಡಿಸಿ, ನಿಧಾನವಾಗಿ ಬರೆದಳು. ನೀಲಿ ಕೋಟಿನ ಹೆಂಗಸು ಅದನ್ನು ನೋಡುತ್ತ ಮ್ಯಾನೇಜರನಿಗೆ ಏನೋ ಹೇಳಿದಳು.

“ಮಂದಿ ಆ ಅರಿವಿ ಮಡಿಕ್ಯಾಗ ಚೂಯಿಂಗ್ ಗಮ್ ತುರುಕಿ ಹೋಗ್ತಾರಂತ. ಅಕ್ಕಿ ಇದ ಮೊದಲಂತ,” ಅವನು ಹೇಳಿದ. “ನಡೀರಿ ಇನ್ನ. ಅವರ ಮನಸ್ಸು ಬದಲಾಗೂದರಾಗ ಬಸ್ ಹತ್ತೂಣು.”

ಹೊರಗೆ ಗಾಳಿ ಹಾಗೇ ಇತ್ತು. ಉಳಿದವರು ಇನ್ನೂ ಬಂದಿರಲಿಲ್ಲ. ನಾವಿಬ್ಬರೂ ಗೋಡೆಯ ಮರೆಗೆ ಒಂದು ಬೆಂಚಿನ ಮೇಲೆ ಕೂತೆವು.

“ಊರಾಗ ಯಾರ ಮುಂದೂ ಇದನ್ನ ಹೇಳಬ್ಯಾಡಕ್ಕಾ,” ಎಂದೆ.

“ನೀ ಹೇಳಬ್ಯಾಡ. ನಾ ಹೇಳ್ತೀನಿ.” ಅವಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. “ಈಗ ಫೋನ್ ತಗಿ. ಬೀಗಿತ್ತಿಗೆ ಆತ್ರಿ ಅಂದೀದಿ, ಹುಡುಗಿಗೂ ಆತವ್ವಾ ಅಂದೀದಿ. ಇಬ್ಬರಾಗ ಒಬ್ಬರಿಗೆ ಸುಳ್ಳ ಹೇಳೀದಿ. ಯಾರಿಗಂತ ನೀನ ನೋಡು. ನನಗ ಅಡಗಿಮನಿ ಹೊಸದಲ್ಲ.”

ಅಲ್ಲಿ ಮಧ್ಯಾಹ್ನವಾಗುತ್ತಿತ್ತು, ಯಲಬುರ್ಗಾದಲ್ಲಿ ಚಹಾದ ಹೊತ್ತು. ಎರಡು ಸಲ ಫೋನು ಬೇರೆ ಯಾರಿಗೋ ಹೋಯಿತು. ಮೂರನೆಯ ಸಲ ಬೀಗರು ಎತ್ತಿದರು. ಕ್ಷೇಮ ಸಮಾಚಾರ, ಹವಾಮಾನ ಎಲ್ಲ ಮುಗಿದು ಇನ್ನು ಏನೂ ಉಳಿಯದಿದ್ದಾಗ ಹೇಳಿದೆ: “ಕುಬಸದ ದಿನ ಮೊದಲನೇ ಉಡಿ ನಮ್ಮಕ್ಕ ತುಂಬತಾಳ್ರಿ.”

ಲೈನು ಕಡಿದಿದ್ದರೆ ಸಾಕು ಎಂದು ಆಸೆಪಟ್ಟೆ.

“ಅಲ್ಲೆ ಏನರ ತಗೊಂಡೀರೇನ್ರಿ ಬೀಗರ?” ಎಂದು ಅವರು ಕೇಳಿದರು. ಆಮೇಲೆ ಫೋನು ಕೈ ಬದಲಾಯಿತು.

“ಅಣ್ಣಾರ,” ಬೀಗಿತ್ತಿಯ ದನಿ. “ನಿಮ್ಮ ಮಗಳು ಖರೆ. ಆದ್ರ ಹೊಟ್ಟ್ಯಾಗಿರೂದು ನಮ್ಮನಿ ಕೂಸು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಯಾರು ಜವಾಬ್ದಾರಿ?”

ಇದು ನಾನು ದಿನಕ್ಕೆ ಇಪ್ಪತ್ತು ಸಲ ಎಲ್ಲರನ್ನೂ ಕೇಳುವ ಪ್ರಶ್ನೆ. ಅಂಗಡಿಯ ಷಟರ್ ಎಳೆದಾಗ ಕೇಳುತ್ತೇನೆ, ಗ್ಯಾಸ್ ಬಂದ್ ಮಾಡಿದಾಗ ಕೇಳುತ್ತೇನೆ. ನನ್ನನ್ನು ಯಾರೂ ತಿರುಗಿ ಕೇಳಿರಲಿಲ್ಲ. ಅಕ್ಕ ಸಮುದ್ರದ ಕಡೆ ನೋಡುತ್ತಿದ್ದಳು, ಕಿವಿ ಮಾತ್ರ ಇತ್ತ ಇತ್ತು.

“ನಾನು,” ಎಂದೆ.

ಈ ಸಲ ಅವಳು ನನ್ನನ್ನು ತಿದ್ದಲಿಲ್ಲ.

ಕುಬಸಕ್ಕೆ ಬೀಗಿತ್ತಿ ಬಂದರು. ಅಕ್ಕ ಉಡಿ ತುಂಬುವಾಗ ಗೋಡೆಯ ಕ್ಯಾಲೆಂಡರ್ ಓದುತ್ತ ಕೂತರು, ಊಟಕ್ಕೆ ಎದ್ದರು, ಹೋಳಿಗೆ ಸ್ವಲ್ಪ ಗಟ್ಟಿಯಾಗಿದೆ ಎಂದರು. ಆಗಿತ್ತು, ಆ ದಿನ ಒಲೆಯ ಮುಂದೆ ಅಕ್ಕ ಇರಲಿಲ್ಲ. ಅಲ್ಲಿಂದ ಹೆರಿಗೆಯವರೆಗೆ ಎರಡು ತಿಂಗಳು. ಮಗಳು ಒಮ್ಮೆ ಸೀನಿದರೆ ನಾನು ಕೊಪ್ಪಳದ ಡಾಕ್ಟರಿಗೆ ಫೋನು ಮಾಡುತ್ತಿದ್ದೆ. ಸೀನದಿದ್ದರೆ ಯಾಕೆ ಸೀನುತ್ತಿಲ್ಲ ಎಂದು ಕೇಳುತ್ತಿದ್ದೆ. ನನ್ನ ಹೆಂಡತಿ ನನಗೆ ಮಜ್ಜಿಗೆ ಕುಡಿಸಿ ಕುಡಿಸಿ ಸಾಕಾದಳು. ಅಕ್ಕ ಮಾತ್ರ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ಯಾರ ಕೂಸಿನ ಜವಾಬ್ದಾರಿಯೂ ತನ್ನದಲ್ಲ ಎಂಬಂತೆ ಗೊರಕೆ ಹೊಡೆದು ಮಲಗುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ಮೂಗು ತಮ್ಮ ಮನೆತನದ್ದು ಎಂದು ಬೀಗಿತ್ತಿ ಹೇಳಿದರು. ಉಡಿಯ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಉತ್ತರ ಕೊಡಲು ಜವಾಬ್ದಾರನಾದ ನಾನು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದೆ.